ಗೊಂಬೆಯೂರಿನಲ್ಲಿ ದೂಳು ಹಿಡಿಯುವ ಪೈಪು

ಬೆಂಗಳೂರಿನಿಂದ ಮೈಸೂರಿನ ಕಡೆ ಹೊರಟವರಿಗೆ ಚನ್ನಪಟ್ಟಣ ಬಂತೆಂದು ಹಿಂದೆಲ್ಲ ಗೊಂಬೆಗಳೇ ಹೇಳುತ್ತಿದ್ದವು. ರಸ್ತೆಯ ಎರಡೂ ಬದಿಗೆ ಅಂಗಡಿಗಳು. ಅಂಗಡಿಯ ಮುಂದೆ ಕೆಂಪು, ಹಳದಿ, ಹಸಿರು ಗಿಲಕಿಗಳು, ಸಾಲಾಗಿ ನಿಂತ ಮರದ ಕುದುರೆಗಳು. ಮಕ್ಕಳು ಹಟ ಹಿಡಿದು ಕಾರು ನಿಲ್ಲಿಸುತ್ತಿದ್ದ ಜಾಗ ಅದು. 2023ರಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಆ ರಸ್ತೆ ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಗೊಂಬೆ ನೋಡಬೇಕೆಂದರೆ ಈಗ ಬೇಕೆಂದೇ ಊರೊಳಗೆ ಹೋಗಬೇಕು.

ನಾನೂ ನನ್ನ ಮೊಮ್ಮಗಳೂ ಬೇಕೆಂದೇ ಹೋದೆವು, ಅದೂ ರೈಲಿನಲ್ಲಿ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ದೂರ. ರಾಮನಗರದ ಬಂಡೆ ಬೆಟ್ಟಗಳು ಕಿಟಕಿಯಲ್ಲಿ ಹಿಂದೆ ಸರಿದ ಸ್ವಲ್ಪ ಹೊತ್ತಿಗೆ ನಮ್ಮ ನಿಲ್ದಾಣ ಬಂತು. ಆರನೇ ತರಗತಿಯ ಮೊಮ್ಮಗಳಿಗೆ ಶಾಲೆಯಲ್ಲಿ ‘ನಮ್ಮ ನಾಡಿನ ಕರಕುಶಲ ಕಲೆ’ ಎಂದು ಬರೆದುಕೊಂಡು ಬರಲು ಹೇಳಿದ್ದರು. ಗೊಂಬೆಗಳ ಬಗ್ಗೆ ಬರೆದುಕೊಳ್ಳಲು ಹೋದ ಅವಳು, ದೂಳಿನ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಳು.

ಚನ್ನಪಟ್ಟಣದ ಗೊಂಬೆಗಳ ಕಥೆ ಟಿಪ್ಪು ಸುಲ್ತಾನನ ಕಾಲಕ್ಕೆ ಹೋಗುತ್ತದೆ ಎನ್ನುತ್ತಾರೆ. ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಕೆಲಸ ಕಲಿಸಿದನೆಂದು ಪ್ರತೀತಿ. ಇವಕ್ಕೆ ಹಿಂದಿನಿಂದ ಬಳಸುತ್ತ ಬಂದದ್ದು ಹಾಲೆ ಮರ. ದಂತದ ಬಣ್ಣದ, ನುಣುಪಾದ, ಉಳಿಗೆ ಸುಲಭವಾಗಿ ಬಗ್ಗುವ ಮರ. ತುಂಡನ್ನು ಲೇತಿಗೆ ಕಟ್ಟಿ, ಗಿರಗಿರನೆ ತಿರುಗಿಸುತ್ತ ಉಳಿ ಹಿಡಿದು ಕಡೆಯುತ್ತಾರೆ. ಆಕಾರ ಬಂದ ಮೇಲೆ ಉಪ್ಪುಕಾಗದದಿಂದ, ಅಂದರೆ ಸ್ಯಾಂಡ್‌ಪೇಪರಿನಿಂದ, ಉಜ್ಜುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. 2005-06ರ ಸಾಲಿನಲ್ಲಿ ಈ ಗೊಂಬೆಗಳಿಗೆ ಜಿಐ, ಅಂದರೆ ಭೌಗೋಳಿಕ ಗುರುತೂ ಸಿಕ್ಕಿತು.

ಅಂಗಡಿಯೊಂದರಲ್ಲಿ ಕೇಳಿಕೊಂಡೆವು. ಅಂಗಡಿಯವರು ಹಿಂದಿನ ಬೀದಿಯಲ್ಲಿದ್ದ ಒಂದು ಕೆಲಸದ ಮನೆಗೆ ನಮ್ಮನ್ನು ಕಳಿಸಿಕೊಟ್ಟರು. ಹೆಂಚಿನ ಮಾಡು. ಒಳಗೆ ಮೂರು ಲೇತುಗಳು, ಒಂದು ಉದ್ದನೆಯ ಮೇಜು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಮನೆಯ ಯಜಮಾನರು ಕೂತಿದ್ದರು. ಐವತ್ತು ವರ್ಷ ಲೇತಿನ ಮುಂದೆ ಕೂತವರು.

“ಬನ್ನಿ ಅಮ್ಮಾ, ಒಳಗೆ ಬನ್ನಿ. ಮಗೂ, ನೀನು ಇಲ್ಲೇ ಬಾಗಿಲ ಹತ್ರ ನಿಂತ್ಕೊಂಡು ನೋಡವ್ವ,” ಎಂದರು. ಅವರ ಮೊಮ್ಮಗನೂ ಬಾಗಿಲ ಹತ್ತಿರವೇ ನಿಂತಿದ್ದ. ಏಳು ವರ್ಷದ ಹುಡುಗ. ಕೆಲಸ ನಡೆಯುವಾಗ ಮಕ್ಕಳು ಒಳಗೆ ಬರಬಾರದೆಂಬುದು ಆ ಮನೆಯ ನಿಯಮ.

“ಯಾಕೆ ತಾತ?” ಎಂದಳು ನನ್ನ ಮೊಮ್ಮಗಳು.

ಯಜಮಾನರು ಮಾತಾಡಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲಲು ಒಂದಷ್ಟು ಹೊತ್ತು ಬೇಕಾಯಿತು. ಆಮೇಲೆ, “ಇದಕ್ಕೇ ಕಣವ್ವ,” ಎಂದರು.

ಮಾಡಿನ ನಡುವೆ ಒಂದು ಗಾಜಿನ ಹೆಂಚು. ಅದರಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಬಿಳಿಯ ಕಣಗಳು ತೇಲಾಡುತ್ತಿದ್ದವು. ಹಾಲೆ ಮರದ ದೂಳು ಅಕ್ಕಿ ಹಿಟ್ಟಿನ ಹಾಗೆ ಬೆಳ್ಳಗಿರುತ್ತದೆ. ನೋಡಲು ಚೆಂದ. ಉಳಿಯಿಂದ ಬರುವ ಹೆರೆಯಂತೂ ಅಪಾಯವಿಲ್ಲದ್ದು. ಸುರುಳಿ ಸುರುಳಿಯಾಗಿ ಕೆಳಗೆ ಬೀಳುತ್ತದೆ, ಗುಡಿಸಿದರೆ ಮುಗಿಯಿತು. ನಮ್ಮ ಕಾಲದಲ್ಲಿ ಸ್ನಾನದ ನೀರು ಕಾಯಿಸಲು ಹೊಟ್ಟಿನ ಒಲೆಗೆ ಅಂಥದ್ದನ್ನೇ ತುಂಬುತ್ತಿದ್ದೆವು, ಅಜ್ಜಿ ತಾತಂದಿರಿಗೆ ನೆನಪಿರುತ್ತದೆ. ತೊಂದರೆ ಕೊಡುವುದು ಉಪ್ಪುಕಾಗದದಿಂದ ಏಳುವ ನುಣ್ಣನೆಯ ಪುಡಿ.

ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ದೊಡ್ಡ ಕಣಗಳನ್ನು ಮೂಗಿನ ಕೂದಲು, ಸಿಂಬಳ ತಡೆಯುತ್ತವೆ. ಹತ್ತು ಮೈಕ್ರಾನಿಗಿಂತ ಸಣ್ಣ ಕಣಗಳು ಗಂಟಲು ದಾಟಿ ಕೆಳಗಿಳಿಯುತ್ತವೆ. ಇನ್ನೂ ಸಣ್ಣವು ಶ್ವಾಸಕೋಶದ ಆಳಕ್ಕೇ ಹೋಗುತ್ತವೆ. ಕಣ್ಣಿಗೆ ಕಾಣುವ ದೂಳಿಗಿಂತ ಕಾಣದ ದೂಳೇ ಹೆಚ್ಚು ಕೆಡುಕು. ಅದು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಕೆಲಸ ನಿಲ್ಲಿಸಿ ಊಟಕ್ಕೆ ಕೂತಾಗಲೂ ಉಸಿರಿನೊಂದಿಗೆ ಒಳಗೆ ಹೋಗುತ್ತದೆ. ವರ್ಷಗಟ್ಟಲೆ ಇದನ್ನು ಕುಡಿದವರಿಗೆ ಕೆಮ್ಮು, ಉಬ್ಬಸ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ದೂಳನ್ನು 1995ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮಗು ಬಾಯಿಗಿಟ್ಟುಕೊಂಡರೂ ತರಚದಷ್ಟು ನುಣುಪಾಗಿ ಗೊಂಬೆ ಮಾಡುವವರು ತಮ್ಮ ಎದೆಯೊಳಗೆ ಏನನ್ನು ತುಂಬಿಕೊಳ್ಳುತ್ತಾರೆ ಎಂಬುದನ್ನು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಈಗ ಕೆಲಸ ನೋಡಿಕೊಳ್ಳುವವರು ಯಜಮಾನರ ಮಗ. ದುಂಡನೆಯ ಗೊಂಬೆಗಳ ಜೊತೆಗೆ ಚಪ್ಪಟೆ ಆಟಿಕೆಗಳಿಗೂ ಈಗ ಬೇಡಿಕೆ ಇದೆಯಂತೆ. ಅಕ್ಷರದ ಬಿಲ್ಲೆ, ಜೋಡಿಸುವ ಆನೆ, ರೈಲಿನ ಡಬ್ಬಿ. ಇವನ್ನು ಲೇತಿನಲ್ಲಿ ಉಜ್ಜಲಾಗದು. ಅದಕ್ಕೆ ಕೈಯಲ್ಲಿ ಹಿಡಿದು ಉಜ್ಜುವ ವಿದ್ಯುತ್ ಸ್ಯಾಂಡರ್ ಬಂತು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಯಂತ್ರ. ಕೈಯಲ್ಲಿ ಅರ್ಧ ದಿನ ಹಿಡಿಯುವ ಕೆಲಸ ಗಂಟೆಯಲ್ಲಿ ಮುಗಿಯಿತು. ಅರ್ಧ ದಿನದಲ್ಲಿ ಏಳುತ್ತಿದ್ದ ದೂಳೂ ಆ ಒಂದು ಗಂಟೆಯಲ್ಲೇ ಎದ್ದಿತು.

“ಮೆಷಿನ್ ಜೊತೆ ಒಂದು ಪುಟ್ಟ ಚೀಲ ಬಂದಿತ್ತು ಅಮ್ಮ. ಅದು ಹೊಟ್ಟನ್ನು ಹಿಡೀತಿತ್ತು, ಸಣ್ಣ ಪುಡಿಯನ್ನು ಬಟ್ಟೆಯ ಸಂದಿಯಿಂದ ಆಚೆ ಬಿಡ್ತಿತ್ತು,” ಎಂದರು ಮಗ. “ಅಪ್ಪನ ಕೆಮ್ಮು ಜಾಸ್ತಿಯಾದಾಗ ಡಾಕ್ಟರು, ‘ದೂಳು ಬಿಡಿ, ಇಲ್ಲಾ ಕೆಲಸ ಬಿಡಿ’ ಅಂದ್ರು. ಅಪ್ಪ ಕೆಲಸ ಬಿಡೋರಲ್ಲ. ಹಂಗಾಗಿ ದೂಳನ್ನೇ ಬಿಡಿಸಬೇಕಾಯ್ತು.”

ಅವರು ಮೊದಲು ಕೊಂಡದ್ದು ದೊಡ್ಡದೊಂದು ದೂಳು ಎಳೆಯುವ ಯಂತ್ರ. ನಾಲ್ಕು ಇಂಚಿನ ದಪ್ಪ ಪೈಪಿನದು. ಲೇತಿನ ಹಿಂದೆ ಅದರ ಬಾಯನ್ನು ಇಟ್ಟರೆ ಹೊಟ್ಟನ್ನೆಲ್ಲ ಗಬಗಬನೆ ನುಂಗಿತು. ಅದನ್ನೇ ಸ್ಯಾಂಡರಿಗೂ ಸೇರಿಸೋಣವೆಂದು ನಾಲ್ಕಿಂಚಿನ ಪೈಪಿನ ತುದಿಗೆ ಹೆಬ್ಬೆರಳು ಗಾತ್ರದ ಸಣ್ಣ ಪೈಪು ಕಟ್ಟಿದರು. ಯಂತ್ರ ಜೋರಾಗಿ ಸದ್ದು ಮಾಡಿತೇ ಹೊರತು ದೂಳು ಹೋಗಲಿಲ್ಲ.

“ಇಷ್ಟು ದೊಡ್ಡ ಮೆಷಿನ್‌ಗೆ ಇಷ್ಟು ಸಣ್ಣ ಪೈಪಿನಲ್ಲಿ ಎಳೆಯೋಕೆ ಆಗಲ್ವಾ?” ಎಂದಳು ಮೊಮ್ಮಗಳು.

ಮಗ ನಕ್ಕು ಕೇಳಿದರು: “ಎಳನೀರು ಕುಡಿಯೋವಾಗ ಏನ್ ಮಾಡ್ತೀಯಮ್ಮ? ಸ್ಟ್ರಾ ಹಾಕಿ ಬಾಯಲ್ಲಿ ಎಳೀತೀಯ. ಸ್ಟ್ರಾ ಮೇಲೆ ಸೀಲಿಂಗ್ ಫ್ಯಾನ್ ಹಾಕಿದ್ರೆ ಎಳನೀರು ಮೇಲೆ ಬರುತ್ತಾ?”

ಇದೇ ಗುಟ್ಟು. ಫ್ಯಾನು ಬಹಳ ಗಾಳಿಯನ್ನು ಅಲ್ಲಾಡಿಸುತ್ತದೆ, ಆದರೆ ಅದಕ್ಕೆ ಹೀರುವ ಶಕ್ತಿ ಕಡಿಮೆ. ದೊಡ್ಡ ಯಂತ್ರವೂ ಹಾಗೆಯೇ. ಅಗಲದ ದಾರಿ ಕೊಟ್ಟರೆ ಬಹಳ ಗಾಳಿ ಸಾಗಿಸುತ್ತದೆ, ಕಿರಿದಾದ ದಾರಿಯಲ್ಲಿ ಸೋಲುತ್ತದೆ. ಕಿರಿದಾದ ಪೈಪಿನಲ್ಲಿ ಎಳೆಯಲು ಬಲವಾಗಿ ಹೀರುವ ಯಂತ್ರ ಬೇಕು. ಅದೇ ವ್ಯಾಕ್ಯೂಮ್ ಕ್ಲೀನರ್. ಅದು ಎಳೆಯುವ ಗಾಳಿ ಕಡಿಮೆ, ಹೀರುವ ಬಲ ಹೆಚ್ಚು. ಲೇತಿಗೆ ದೊಡ್ಡ ಯಂತ್ರ, ಸ್ಯಾಂಡರಿಗೆ ವ್ಯಾಕ್ಯೂಮ್ ಎಂದು ಅವರು ಕೆಲಸ ಹಂಚಿದರು.

ಸ್ಯಾಂಡರಿನ ಅಡಿಭಾಗವನ್ನು ತಿರುಗಿಸಿ ತೋರಿಸಿದರು. ಐದಿಂಚಿನ ದುಂಡನೆಯ ಮೆತ್ತೆ. ಅದರಲ್ಲಿ ಎಂಟು ತೂತು. ಮೆತ್ತೆಗೆ ಅಂಟಿಸುವ ಉಪ್ಪುಕಾಗದದಲ್ಲೂ ಎಂಟು ತೂತು. ಉಜ್ಜುವಾಗ ಹುಟ್ಟಿದ ಪುಡಿ ಈ ತೂತುಗಳ ಮೂಲಕ ಒಳಗೆ ಹೋಗಿ, ಹಿಂದಿನ ಕೊಳವೆಯಿಂದ ಹೊರಗೆ ಬರುತ್ತದೆ. ಕಾಗದವನ್ನು ಅವಸರದಲ್ಲಿ ಸೊಟ್ಟಗೆ ಅಂಟಿಸಿದರೆ ತೂತಿಗೆ ತೂತು ಕೂಡುವುದಿಲ್ಲ. ಆಗ ಎಷ್ಟೇ ಬಲದ ಯಂತ್ರವಿದ್ದರೂ ಪ್ರಯೋಜನವಿಲ್ಲ. ದೂಳು ಕಾಗದದಡಿಯಲ್ಲೇ ಉಳಿದು, ಕಾಗದ ಬೇಗ ಕಟ್ಟಿಕೊಂಡು, ಮರದ ಮೇಲೆ ಗೀರು ಬೀಳುತ್ತದೆ. ದೂಳು ಎಳೆದರೆ ಕಾಗದವೂ ಹೆಚ್ಚು ದಿನ ಬಾಳುತ್ತದೆ, ಗೊಂಬೆಯೂ ನುಣುಪಾಗುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯಿತು. ಸ್ಯಾಂಡರಿನ ಕೊಳವೆಯ ಅಳತೆಯೇ ಬೇರೆ, ವ್ಯಾಕ್ಯೂಮ್ ಪೈಪಿನ ಅಳತೆಯೇ ಬೇರೆ. ಒಂದೊಂದು ಕಂಪನಿಯದು ಒಂದೊಂದು ಗಾತ್ರ. ಮಗ ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಿಗಿದರು. ಎರಡು ದಿನ ನಿಂತಿತು. ಮೂರನೇ ದಿನ ಕಳಚಿ, ಒಳಗಿದ್ದ ದೂಳನ್ನೆಲ್ಲ ಮುಖಕ್ಕೆ ಚೆಲ್ಲಿತು.

ಅಲ್ಲಿಯವರೆಗೆ ಯಜಮಾನರಿಗೆ ಈ ಪೈಪಿನ ಸಹವಾಸವೇ ಬೇಡವಾಗಿತ್ತಂತೆ. “ನನ್ನ ತಂದೆ ಪೈಪು ಕಟ್ಟಿದ್ರಾ? ನಾನು ಕಟ್ಟಿದ್ನಾ?” ಎನ್ನುತ್ತಿದ್ದರಂತೆ. ಪೈಪು ಕಳಚಿದ ದಿನ ಅವರು ಮಾತಾಡದೆ ಎದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದು ಹಾಲೆ ಮರದ ತುಂಡನ್ನು ಲೇತಿಗೆ ಹಾಕಿದರು. ಒಂದು ಬದಿ ಸ್ಯಾಂಡರಿನ ಕೊಳವೆಗೆ, ಇನ್ನೊಂದು ಬದಿ ಪೈಪಿಗೆ ಸರಿಯಾಗಿ ಕೂರುವಂತೆ ಕಡೆದರು. ನಡುವೆ ಮೆಟ್ಟಿಲಿಲ್ಲದೆ ಆಲಿಕೆಯ ಹಾಗೆ ಇಳಿಜಾರು ಬಿಟ್ಟರು. ಮೆಟ್ಟಿಲಿದ್ದರೆ ದೂಳು ಅಲ್ಲಿ ತಡೆದು ನಿಲ್ಲುತ್ತದೆ. ಕೊನೆಗೆ ಅಭ್ಯಾಸಬಲದಿಂದ ಹಸಿರು ಅರಗನ್ನೂ ಮೆತ್ತಿ ಹೊಳಪು ಕೊಟ್ಟರು.

ಆ ಹಸಿರು ಜೋಡಣೆಯನ್ನು ಕೈಯಲ್ಲಿ ಹಿಡಿದು ನೋಡಿದೆ. ಗೊಂಬೆಯ ಅಂಗಡಿಯಲ್ಲಿಟ್ಟಿದ್ದರೆ ಉಂಗುರ ಜೋಡಿಸುವ ಆಟಿಕೆಯ ಒಂದು ಭಾಗವೆಂದೇ ಯಾರಾದರೂ ಕೊಳ್ಳುತ್ತಿದ್ದರು.

“ನಿಮಗೂ ಪೈಪು ಇಷ್ಟ ಆಯ್ತಾ ತಾತ?” ಎಂದಳು ಮೊಮ್ಮಗಳು.

“ಪೈಪು ಇಷ್ಟ ಆಯ್ತು. ಅದರ ಸದ್ದು ಇಷ್ಟ ಆಗ್ಲಿಲ್ಲ,” ಎಂದರು.

ಅದು ಬರೀ ಹಟದ ಮಾತಲ್ಲ. ಮರ ನುಣುಪಾಯಿತೇ ಇಲ್ಲವೇ ಎಂಬುದನ್ನು ಅವರು ಬೆರಳಿನಿಂದ ಎಷ್ಟು ತಿಳಿಯುತ್ತಾರೋ ಕಿವಿಯಿಂದಲೂ ಅಷ್ಟೇ ತಿಳಿಯುತ್ತಾರೆ. ಒರಟು ಮರ ಕಾಗದದಡಿಯಲ್ಲಿ ಗರಗರ ಎನ್ನುತ್ತದೆ. ನುಣುಪಾಗುತ್ತ ಬಂದ ಹಾಗೆ ಸದ್ದು ಸಣ್ಣಗಾಗುತ್ತದೆ. ವ್ಯಾಕ್ಯೂಮಿನ ಗದ್ದಲದಲ್ಲಿ ಲೇತಿನ ಮೇಲಿನ ಮರದ ಮಾತು ಅವರಿಗೆ ಕೇಳಿಸುತ್ತಿರಲಿಲ್ಲ. ಕೈಯಿಂದ ಕಸುಬು ಜಾರಿದ ಹಾಗಾಗುತ್ತಿತ್ತು.

ಮಗ ಅದಕ್ಕೂ ದಾರಿ ಹುಡುಕಿದರು. ಹಿಂದಿನ ಗೋಡೆಗೆ ಒಂದು ತೂತು ಕೊರೆದು, ವ್ಯಾಕ್ಯೂಮನ್ನು ಹಿತ್ತಲಿನ ಶೀಟಿನ ಗೂಡಿಗೆ ಸಾಗಿಸಿದರು. ಪೈಪು ಮಾತ್ರ ಒಳಗೆ ಬರುತ್ತದೆ. ಸದ್ದು ಹೊರಗೇ ಉಳಿಯಿತು. ವ್ಯಾಕ್ಯೂಮ್ ಹೊರಬಿಡುವ ಗಾಳಿಯೂ ಹಿತ್ತಲಿಗೇ ಹೋಯಿತು. ಪೈಪು ಉದ್ದವಾದಷ್ಟೂ ಹೀರುವ ಬಲ ಕುಗ್ಗುವುದರಿಂದ, ಸ್ಯಾಂಡರಿನ ಮೇಜನ್ನು ಆ ಗೋಡೆಯ ಹತ್ತಿರಕ್ಕೇ ಎಳೆದರು. ಪೈಪು ಕೈಗೆ ಭಾರವಾಗದಂತೆ ಮಾಡಿನ ತೊಲೆಯಿಂದ ಹಗ್ಗ ಕಟ್ಟಿ ತೂಗುಬಿಟ್ಟರು.

ಪೈಪಿನಲ್ಲೂ ಒಂದು ವಿಶೇಷ. ಬಾಚಣಿಗೆಯಿಂದ ಒಣಕೂದಲು ಬಾಚಿ ಕಾಗದದ ಚೂರುಗಳ ಹತ್ತಿರ ಹಿಡಿದರೆ ಅವು ಹಾರಿ ಅಂಟಿಕೊಳ್ಳುತ್ತವಲ್ಲ, ಅದೇ ಸ್ಥಿರ ವಿದ್ಯುತ್ತು ಪ್ಲಾಸ್ಟಿಕ್ ಪೈಪಿನಲ್ಲೂ ಹುಟ್ಟುತ್ತದೆ. ಒಣ ದೂಳು ವೇಗವಾಗಿ ಉಜ್ಜಿಕೊಂಡು ಹೋಗುವುದೇ ಕಾರಣ. ಕೈಗೆ ಚುರ್ ಎಂದು ಹೊಡೆಯುತ್ತದೆ, ದೂಳು ಪೈಪಿನ ಗೋಡೆಗೇ ಅಂಟಿಕೊಳ್ಳುತ್ತದೆ. ಅದಕ್ಕಾಗಿ ವಿದ್ಯುತ್ತು ಶೇಖರಣೆಯಾಗದಂಥ ಪೈಪುಗಳು ಸಿಗುತ್ತವೆ. ಅದರ ಚಾರ್ಜು ವ್ಯಾಕ್ಯೂಮಿನ ಮೂಲಕ ಅರ್ಥಿಂಗಿಗೆ ಇಳಿದುಹೋಗುತ್ತದೆ.

ಹಿತ್ತಲಿಗೆ ಹೋಗಿ ನೋಡಿದರೆ ವ್ಯಾಕ್ಯೂಮಿನ ಮುಂದೆ ಒಂದು ಮುಚ್ಚಿದ ಡ್ರಮ್ಮು. ಅದರ ಮೇಲೆ ಕೆಳಗಾಗಿ ನಿಲ್ಲಿಸಿದ ಆಲಿಕೆಯಂಥ ಭಾಗ. ಇದರ ಹೆಸರು ಸೈಕ್ಲೋನ್. ಮಳೆಯಲ್ಲಿ ನೆಂದ ಕೊಡೆಯನ್ನು ಗಿರ್ರನೆ ತಿರುಗಿಸಿದರೆ ಹನಿಗಳು ಹೊರಕ್ಕೆ ಸಿಡಿಯುತ್ತವೆ. ಸೈಕ್ಲೋನಿನಲ್ಲಿ ದೂಳು ತುಂಬಿದ ಗಾಳಿ ಬದಿಯಿಂದ ಒಳಹೊಕ್ಕು ಗಿರಗಿರನೆ ಸುತ್ತುತ್ತದೆ. ಭಾರದ ಕಣಗಳು ಗೋಡೆಗೆ ಬಡಿದು, ಜಾರಿ, ಡ್ರಮ್ಮಿಗೆ ಬೀಳುತ್ತವೆ. ಹಗುರಾದ ಗಾಳಿ ನಡುವಿನಿಂದ ಮೇಲೆದ್ದು ವ್ಯಾಕ್ಯೂಮಿಗೆ ಹೋಗುತ್ತದೆ. ಹೀಗಾಗಿ ವ್ಯಾಕ್ಯೂಮಿನ ಸೋಸುವ ಬಟ್ಟೆ ಬೇಗ ಕಟ್ಟಿಕೊಳ್ಳುವುದಿಲ್ಲ. ಉಳಿದ ಸಣ್ಣ ಪುಡಿಯನ್ನು ಹಿಡಿಯಲು ಹೆಪಾ ಫಿಲ್ಟರ್ ಇದೆ. ಅದು 0.3 ಮೈಕ್ರಾನಿನ ಕಣಗಳಲ್ಲೂ ಶೇ 99.97ರಷ್ಟನ್ನು ತಡೆಯಬಲ್ಲದು.

ಮರದ ಕಾರ್ಖಾನೆಗೂ ಮನೆ ಗುಡಿಸುವ ಯಂತ್ರಕ್ಕೂ ಹಳೆಯ ನಂಟು. ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ಮಾಡಿದ ವ್ಯಾಕ್ಯೂಮ್ ಯಂತ್ರ ಎಷ್ಟು ದೊಡ್ಡದಿತ್ತೆಂದರೆ ಅದನ್ನು ಕುದುರೆಗಾಡಿಯಲ್ಲಿ ತಂದು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯಿಂದ ಉದ್ದನೆಯ ಪೈಪು ಒಳಗೆ ಬಿಡುತ್ತಿದ್ದರು. ಎಷ್ಟೋ ವರ್ಷಗಳ ನಂತರ ಇಂಗ್ಲೆಂಡಿನ ಜೇಮ್ಸ್ ಡೈಸನ್ ಮರ ಕೊಯ್ಯುವ ಮಿಲ್ಲೊಂದರಲ್ಲಿ ದೊಡ್ಡ ಸೈಕ್ಲೋನ್ ಹೊಟ್ಟನ್ನು ಬೇರ್ಪಡಿಸುವುದನ್ನು ಕಂಡರು. ಇದನ್ನೇ ಚಿಕ್ಕದು ಮಾಡಿ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್ ಮಾಡಬಹುದಲ್ಲ ಎಂದು ಹೊರಟರು. ಒಪ್ಪಿಗೆಯಾಗುವಂಥದ್ದು ಸಿದ್ಧವಾಗುವ ಹೊತ್ತಿಗೆ ಅವರು ಮಾಡಿದ್ದ ಮಾದರಿಗಳ ಸಂಖ್ಯೆ 5,127. ಈ ಲೆಕ್ಕ ಕೇಳಿ ಯಜಮಾನರು, “ನಾನು ಒಂದೇ ಸಲಕ್ಕೆ ಮಾಡ್ದೆ,” ಎಂದು ತಮ್ಮ ಹಸಿರು ಜೋಡಣೆಯನ್ನು ತೋರಿಸಿದರು. ಎಲ್ಲರೂ ನಕ್ಕೆವು.

“ಇದೆಲ್ಲ ನಿಜವಾಗ್ಲೂ ಕೆಲಸ ಮಾಡುತ್ತೆ ಅಂತ ಹೇಗೆ ಗೊತ್ತಾಗುತ್ತೆ?” ಎಂದಳು ಮೊಮ್ಮಗಳು. ಯಜಮಾನರ ಮೊಮ್ಮಗ ಒಳಗೆ ಓಡಿಹೋಗಿ ಎರಡು ಸ್ಲೇಟು ತಂದ. ಈ ಪರೀಕ್ಷೆ ಅವನಿಗೆ ಅಭ್ಯಾಸವಾಗಿತ್ತೆಂದು ಕಾಣುತ್ತದೆ.

ಮಗ ಮೊದಲ ಸ್ಲೇಟನ್ನು ಒರೆಸಿ ಮೇಜಿನ ಮೇಲೆ, ಕೆಲಸದ ಜಾಗದಿಂದ ಒಂದು ಮೊಳ ದೂರದಲ್ಲಿಟ್ಟರು. ಮಾಸ್ಕ್ ಹಾಕಿಕೊಂಡು, ಪೈಪು ತೆಗೆದು, ಐದು ನಿಮಿಷ ಉಜ್ಜಿದರು. ನಾವೆಲ್ಲ ಹೊರಗೆ ನಿಂತೆವು. ಸ್ಲೇಟು ಹೊರಗೆ ಬಂದಾಗ ಮೇಲೆಲ್ಲ ಬಿಳಿ ಪದರ. ಹುಡುಗ ಅದರ ಮೇಲೆ ಬೆರಳಿನಲ್ಲಿ ‘ಅ’ ಎಂದು ಬರೆದ. ಅಕ್ಷರ ಕಪ್ಪಗೆ, ಸ್ಪಷ್ಟವಾಗಿ ಮೂಡಿತು.

ಒದ್ದೆ ಬಟ್ಟೆಯಲ್ಲಿ ಮೇಜು ಒರೆಸಿ, ಒಳಗಿನ ಗಾಳಿ ತಿಳಿಯಾಗುವವರೆಗೆ ಕಾದರು. ಆಮೇಲೆ ಎರಡನೇ ಸ್ಲೇಟು, ಅದೇ ಜಾಗ. ಈ ಸಲ ಪೈಪು ಸೇರಿಸಿ, ಅಷ್ಟೇ ಹೊತ್ತು, ಅಂಥದ್ದೇ ಮರ. ಹುಡುಗ ಮತ್ತೆ ಬೆರಳಾಡಿಸಿದ. ಅಕ್ಷರ ಮೂಡಲೇ ಇಲ್ಲ. ಸ್ಲೇಟನ್ನು ಓರೆ ಮಾಡಿ ಬೆಳಕಿಗೆ ಹಿಡಿದಾಗ ಮಾತ್ರ ಅಲ್ಲೊಂದು ಇಲ್ಲೊಂದು ಚುಕ್ಕೆ ಕಂಡಿತು.

“ಹುಟ್ಟಿದ ಜಾಗದಲ್ಲೇ ಹಿಡೀಬೇಕು ಅಮ್ಮ,” ಎಂದರು ಮಗ. “ಗಾಳಿಗೆ ಹೋದ ದೂಳನ್ನ ಯಾರೂ ವಾಪಸ್ ಕರೆಯೋಕಾಗಲ್ಲ.”

ಪೈಪು ಬಂದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಎರಡನೇ ಸ್ಲೇಟಿನ ಮೇಲಿದ್ದ ಆ ಚುಕ್ಕೆಗಳೇ ಅದಕ್ಕೆ ಸಾಕ್ಷಿ. ಅದಕ್ಕೇ ಅಲ್ಲಿ ಎನ್95 ಮಾಸ್ಕ್ ಈಗಲೂ ಇದೆ. ಸಂಜೆ ಪೊರಕೆ ಹಿಡಿದು ಗುಡಿಸುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಬಟ್ಟೆಗೆ ಹತ್ತಿದ ದೂಳನ್ನು ಗಾಳಿ ಹೊಡೆದು ಹಾರಿಸುವುದಿಲ್ಲ, ಅದನ್ನೂ ಪೈಪಿನಲ್ಲೇ ಎಳೆಯುತ್ತಾರೆ. ಡ್ರಮ್ಮಿನ ಸಣ್ಣ ಪುಡಿಯನ್ನು ಒಲೆಗೆ ಎಸೆಯುವುದಿಲ್ಲ, ಗಾಳಿಯಲ್ಲಿ ಹರಡಿದರೆ ಅದು ಭುಗ್ಗನೆ ಹೊತ್ತಿಕೊಳ್ಳುತ್ತದೆ. ಕಬ್ಬಿಣ ಉಜ್ಜುವ ಯಂತ್ರಕ್ಕೆ ಅದೇ ಪೈಪನ್ನು ಸೇರಿಸುವುದೂ ಇಲ್ಲ. ಒಂದು ಕಿಡಿ ಒಳಗೆ ಹೋದರೆ ಡ್ರಮ್ಮಿನ ಹೊಟ್ಟಿಗೆ ಬೆಂಕಿ ಬೀಳಬಹುದು.

ಯಜಮಾನರ ಕೆಮ್ಮು ಪೂರ್ತಿ ಹೋಗಿಲ್ಲ. ಐವತ್ತು ವರ್ಷ ಒಳಗೆ ಹೋದದ್ದನ್ನು ಯಾವ ಪೈಪೂ ಹೊರಗೆ ಎಳೆಯಲಾರದು. ಆದರೆ ರಾತ್ರಿ ನಿದ್ದೆ ಬರುತ್ತದಂತೆ. ಬೆಳಿಗ್ಗೆ ಒಂದು ಗಂಟೆ ಲೇತಿಗೆ ಕೂರಲು ಡಾಕ್ಟರು ಒಪ್ಪಿದ್ದಾರಂತೆ, ಮಾಸ್ಕ್ ಹಾಕಿಕೊಂಡು, ದೊಡ್ಡ ಪೈಪಿನ ಬಾಯಿ ಎದುರಿಗಿಟ್ಟುಕೊಂಡು. ಮೊಮ್ಮಗನಿಗೆ ಕೆಲಸ ಕಲಿಸುವಿರಾ ಎಂದು ಕೇಳಿದೆ.

“ಮೊದಲೆಲ್ಲ ಬೇಡ ಅಂತಿದ್ದೆ ಅಮ್ಮಾ. ನನ್ನ ಎದೆ ನೋಡಿ ಯಾವ ಮಗೂನ ಇಲ್ಲಿ ಕೂರಿಸ್ಲಿ ಅಂತ. ಈಗ, ಇನ್ನೊಂದು ಏಳೆಂಟು ವರ್ಷ ಹೋಗ್ಲಿ, ಓದ್ಕೊಳ್ಳಿ, ಆಮೇಲೆ ಅವನಿಗೇ ಇಷ್ಟ ಇದ್ರೆ ಕಲಿಸ್ತೀನಿ ಅನ್ನೋ ಧೈರ್ಯ ಬಂದಿದೆ,” ಎಂದರು.

ನಿಮ್ಮ ಮನೆಗೂ ಬಡಗಿಗಳು ಬಂದು ಬಾಗಿಲು, ಬೀರು ಉಜ್ಜುವ ದಿನ ಬರಬಹುದು ಮಕ್ಕಳೇ. ಆ ಕೋಣೆಯಿಂದ ದೂರವಿರಿ, ಅಜ್ಜಿ ತಾತಂದಿರನ್ನೂ ದೂರ ಕೂರಿಸಿ. ಅವರ ಸ್ಯಾಂಡರಿಗೆ ಪೈಪು ಇದೆಯೇ, ಮೂಗಿಗೆ ಮಾಸ್ಕ್ ಇದೆಯೇ ಎಂದು ವಿನಯದಿಂದ ವಿಚಾರಿಸಿ. ಚನ್ನಪಟ್ಟಣಕ್ಕೆ ಹೋದರೆ ಅಂಗಡಿಯಿಂದಲೇ ಹಿಂದಿರುಗಬೇಡಿ. ಗೊಂಬೆ ಹುಟ್ಟುವ ಜಾಗ ನೋಡಬಹುದೇ ಎಂದು ಕೇಳಿ. ಅಲ್ಲಿ ತೊಲೆಯಿಂದ ತೂಗುವ ಪೈಪೊಂದು ಕಂಡರೆ, ಆ ಮನೆಯ ಗೊಂಬೆಯನ್ನು ಚೌಕಾಸಿ ಮಾಡದೆ ಕೊಳ್ಳಿ.